ಅತ್ತೆಯವರ ಆರೈಕೆ: ಸರ್ಕಾರದ ಭತ್ಯೆ ಯಾರಿಗೆ ಸಿಗುತ್ತದೆ?

ಪ್ರಶ್ನೆ: ನಾವು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿ ಇಪ್ಪತ್ತು ವರ್ಷಗಳಾದವು, ನಾನು, ನನ್ನ ಯಜಮಾನರು ಮತ್ತು ಅತ್ತೆಯವರು ಮೂವರೂ ಬ್ರಿಟಿಷ್ ಪೌರರು. ಅತ್ತೆಯವರಿಗೆ 81 ವರ್ಷ, ಮರೆವಿನ ಕಾಯಿಲೆ ಇದೆ. ಕಳೆದೊಂದು ವರ್ಷದಿಂದ ಅವರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ವಾರಕ್ಕೆ ಎರಡು ದಿನ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಪಿಂಚಣಿ ವಂತಿಗೆಯ 40 ಪೌಂಡ್ ಸೇರಿ ಎಲ್ಲ ಕಡಿತಗಳ ನಂತರ ತಿಂಗಳಿಗೆ 800 ಪೌಂಡ್ ಕೈಗೆ ಬರುತ್ತದೆ. ಅತ್ತೆಯವರ ಅಟೆಂಡೆನ್ಸ್ ಅಲೋವೆನ್ಸ್ (ಇನ್ನೊಬ್ಬರ ಆರೈಕೆ ಬೇಕಾದ ಹಿರಿಯರಿಗೆ ಸರ್ಕಾರ ಕೊಡುವ ಭತ್ಯೆ) ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಯಜಮಾನರಿಗೆ ಒಳ್ಳೆಯ ಸಂಬಳವಿರುವುದರಿಂದ ನನಗೆ ಇನ್‌ಕಮ್ ಸಪೋರ್ಟ್ ಸಿಗುವುದಿಲ್ಲವೆಂದು ಪರಿಚಯದವರು ಹೇಳುತ್ತಾರೆ. ನಿಜವೇ? ತವರಿನ ಮದುವೆಗೆ ನಾನೊಬ್ಬಳೇ ಮೂರು ವಾರ ಭಾರತಕ್ಕೆ ಹೋಗಬೇಕಾಗಿದೆ; ಅದರಿಂದ ತೊಂದರೆಯಾದೀತೇ?

— ಓದುಗರೊಬ್ಬರು

ಉತ್ತರ: ನಿಮ್ಮ ಪರಿಚಯದವರು ಹೇಳುತ್ತಿರುವ ಇನ್‌ಕಮ್ ಸಪೋರ್ಟ್ ಕಡಿಮೆ ಆದಾಯದವರಿಗಿದ್ದ ಹಳೆಯ ಯೋಜನೆ, ಅದಕ್ಕೆ ಹೊಸ ಅರ್ಜಿಗಳನ್ನು ಈಗ ತೆಗೆದುಕೊಳ್ಳುವುದಿಲ್ಲ. ನೀವು ಕೇಳಬೇಕಾದದ್ದು ಆರೈಕೆ ಮಾಡುವವರಿಗೆ ಸಿಗುವ ಕೇರರ್ಸ್ ಅಲೋವೆನ್ಸ್. 2025–26ರಲ್ಲಿ ಅದು ವಾರಕ್ಕೆ 83.30 ಪೌಂಡ್. ಇದಕ್ಕೆ ಯಜಮಾನರ ಸಂಬಳವನ್ನಾಗಲೀ ಮನೆಯ ಉಳಿತಾಯವನ್ನಾಗಲೀ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡನ ಸಂಬಳ ಅಡ್ಡಬರುವುದು ಕಡಿಮೆ ಆದಾಯದ ಮನೆಗಳಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ. ಎರಡನ್ನೂ ಒಂದೇ ಎಂದು ತಿಳಿದು ಅರ್ಜಿಯನ್ನೇ ಹಾಕದೆ ಕೂತವರು ನಮ್ಮವರಲ್ಲಿ ಕಡಿಮೆಯಿಲ್ಲ.

ಅರ್ಹತೆಯ ಮೊದಲ ಕೊಂಡಿ ನಿಮ್ಮದಲ್ಲ, ಅತ್ತೆಯವರದು. ಅವರಿಗೆ ಅಟೆಂಡೆನ್ಸ್ ಅಲೋವೆನ್ಸ್‌ನ ಎರಡು ದರಗಳಲ್ಲಿ ಯಾವುದಾದರೂ ಒಂದು ಮಂಜೂರಾದರೆ ಮಾತ್ರ ನಿಮ್ಮ ಅರ್ಜಿಗೆ ಬಲ ಬರುತ್ತದೆ. ತೀರ್ಮಾನ ಬಂದ ದಿನದಿಂದ ಮೂರು ತಿಂಗಳೊಳಗೆ ನೀವು ಅರ್ಜಿ ಸಲ್ಲಿಸಿದರೆ, ಅವರಿಗೆ ಹಣ ಸಲ್ಲತೊಡಗಿದ ದಿನದಿಂದಲೇ ನಿಮ್ಮ ಭತ್ಯೆಯನ್ನೂ ಲೆಕ್ಕ ಹಾಕುತ್ತಾರೆ. ಆ ಗಡುವು ದಾಟಿದರೆ ಹಿಂದಿನ ಮೂರು ತಿಂಗಳಿನದಷ್ಟೇ ಸಿಗುತ್ತದೆ. ಆದ್ದರಿಂದ ತೀರ್ಮಾನದ ಪತ್ರ ಕೈಸೇರಿದ ವಾರವೇ ಅರ್ಜಿ ಹಾಕಿಬಿಡಿ. ನೀವು ಭತ್ಯೆ ಪಡೆದರೆ ಅತ್ತೆಯವರ ಅಟೆಂಡೆನ್ಸ್ ಅಲೋವೆನ್ಸ್‌ನಲ್ಲಿ ಒಂದು ಪೆನ್ನಿಯೂ ಕಡಿತವಾಗುವುದಿಲ್ಲ.

ಎರಡನೆಯದು ವಾರಕ್ಕೆ ಕನಿಷ್ಠ 35 ಗಂಟೆಗಳ ಆರೈಕೆ. ಸ್ನಾನ ಮಾಡಿಸುವುದು, ಉಣಿಸುವುದು ಮಾತ್ರ ಆರೈಕೆಯೆಂದು ಹಲವರು ತಿಳಿದಿದ್ದಾರೆ. ಔಷಧದ ಚೀಟಿ ತರುವುದು, ವೈದ್ಯರ ಭೇಟಿಗೆ ಫೋನ್ ಮಾಡುವುದು, ಅವರಿಗಾಗಿ ಅಡುಗೆ ಮಾಡುವುದು, ಬಾಗಿಲು ತೆರೆದು ಹೊರಗೆ ಹೋಗಿಬಿಟ್ಟಾರೆಂದು ರಾತ್ರಿ ಎದ್ದು ನೋಡುವುದು, ಇವೂ ಲೆಕ್ಕಕ್ಕೆ ಬರುತ್ತವೆ. ನೀವು ಕೆಲಸಕ್ಕೆ ಹೋದ ದಿನ ಯಜಮಾನರು ಅವರ ಬಳಿ ಇದ್ದರೂ ಅಡ್ಡಿಯಿಲ್ಲ. ಒಬ್ಬರ ಆರೈಕೆಗೆ ಒಬ್ಬರು ಮಾತ್ರ ಈ ಭತ್ಯೆ ಪಡೆಯಬಹುದು ಎಂಬುದಷ್ಟೇ ನೆನಪಿರಲಿ. ವಯಸ್ಸು, ವಾಸ, ಓದು ಇವುಗಳ ಷರತ್ತುಗಳು ನಿಮಗೆ ತೊಡಕಾಗುವಂತೆ ಕಾಣುವುದಿಲ್ಲ.

ನಿಜವಾಗಿ ಎಚ್ಚರ ಬೇಕಾದದ್ದು ನಿಮ್ಮ ಸಂಬಳದ ವಿಷಯದಲ್ಲಿ. 2025–26ರಲ್ಲಿ ವಾರದ ನಿವ್ವಳ ಗಳಿಕೆ 196 ಪೌಂಡ್ ಮೀರಬಾರದು. ಇಲ್ಲಿ ನಿವ್ವಳವೆಂದರೆ ಬ್ಯಾಂಕಿಗೆ ಬಂದು ಬೀಳುವ ಮೊತ್ತವಲ್ಲ: ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಿಂದ ಸರ್ಕಾರಕ್ಕೆ ಕಟ್ಟುವ ಸಾಮಾಜಿಕ ವಿಮೆಯ ವಂತಿಗೆ) ಪೂರ್ತಿಯಾಗಿ, ಪಿಂಚಣಿ ವಂತಿಗೆಯಲ್ಲಿ ಅರ್ಧ ಮಾತ್ರ ಕಳೆದು ಉಳಿದದ್ದು. ಹಾಗಾಗಿ ನಿಮ್ಮ 800ಕ್ಕೆ ಪಿಂಚಣಿಯ 20 ಪೌಂಡ್ ಮರಳಿ ಸೇರಿ 820 ಆಗುತ್ತದೆ. ಅದನ್ನು ಹನ್ನೆರಡರಿಂದ ಗುಣಿಸಿ 52ರಿಂದ ಭಾಗಿಸಿದರೆ ವಾರಕ್ಕೆ ಸುಮಾರು 189 ಪೌಂಡ್. ಮಿತಿಯ ಒಳಗಿದ್ದೀರಿ, ಆದರೆ ಅಂಚಿನಲ್ಲಿದ್ದೀರಿ. ಕ್ರಿಸ್‌ಮಸ್ ಸಮಯದಲ್ಲಿ ಹೆಚ್ಚಿನ ಪಾಳಿ ಮಾಡಿ ಆ ತಿಂಗಳು ನಿವ್ವಳ 160 ಪೌಂಡ್ ಹೆಚ್ಚು ದುಡಿದರೆ ವಾರದ ಗಳಿಕೆ 226 ಪೌಂಡ್‌ಗೆ ಏರುತ್ತದೆ. ಆಗ ಮಿತಿ ಮೀರಿದಷ್ಟನ್ನೇ ಕಡಿತ ಮಾಡುವುದಿಲ್ಲ. ಆ ವಾರಗಳ ಭತ್ಯೆ ಇಡಿಯಾಗಿ ಹೋಗುತ್ತದೆ. ನಾಲ್ಕು ವಾರವೆಂದರೂ 333.20 ಪೌಂಡ್ ನಷ್ಟ. ಏರಿಳಿತದ ಸಂಬಳಕ್ಕೆ ಸರಾಸರಿ ತೆಗೆಯುವ ಅವಕಾಶ ಇದೆಯಾದರೂ ಅದನ್ನು ನಿರ್ಧರಿಸುವವರು ಭತ್ಯೆ ಕೊಡುವ ಇಲಾಖೆಯವರು. ನೀವೇ ಸರಾಸರಿ ಹಾಕಿಕೊಂಡು ಸುಮ್ಮನಿರಬೇಡಿ, ಸಂಬಳ ಬದಲಾದಾಗಲೆಲ್ಲ ತಿಳಿಸಿ. ಹೆಚ್ಚು ಪಾವತಿಯಾದ ಹಣವನ್ನು ವರ್ಷಗಳ ನಂತರ ವಸೂಲಿಗೆ ಕೇಳಿ ಸಾವಿರಾರು ಆರೈಕೆದಾರರನ್ನು ಸಾಲಕ್ಕೆ ತಳ್ಳಿದ ದೂರುಗಳು ಅಲ್ಲಿ ಎಷ್ಟು ಬಲವಾದವೆಂದರೆ, 2024ರಲ್ಲಿ ಸರ್ಕಾರವೇ ಲಿಝ್ ಸೇಸ್ ಅವರ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆಗೆ ಆದೇಶಿಸಬೇಕಾಯಿತು. ಒಂದು ಪೌಂಡ್ ಮೀರಿದರೂ ಎಲ್ಲವೂ ಹೋಗುವ ಈ ನಿಯಮ ನನ್ನ ದೃಷ್ಟಿಯಲ್ಲಿ ಅನ್ಯಾಯದ್ದೇ. ಆದರೂ ಇರುವವರೆಗೆ ಅದಕ್ಕೆ ತಕ್ಕಂತೆ ಪಾಳಿ ಒಪ್ಪಿಕೊಳ್ಳುವುದು ಕ್ಷೇಮ.

ಈ ಭತ್ಯೆ ತೆರಿಗೆಗೆ ಒಳಪಡುತ್ತದೆ. ಅದರ ಜೊತೆಗೆ ಸಿಗುವ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ಮುಂದೆ ನಿಮ್ಮ ಸರ್ಕಾರಿ ಪಿಂಚಣಿಗೆ ನೆರವಾಗುತ್ತದೆ. ಗಳಿಕೆ ಮಿತಿ ಮೀರಿ ಭತ್ಯೆ ತಪ್ಪಿದರೂ, ವಾರಕ್ಕೆ 20 ಗಂಟೆ ಆರೈಕೆ ಮಾಡುವವರಿಗೆ ಕೇರರ್ಸ್ ಕ್ರೆಡಿಟ್ ಎಂಬ, ಪಿಂಚಣಿಗೆ ನೆರವಾಗುವ ಬೇರೆ ಏರ್ಪಾಡು ಇದೆ.

ಮದುವೆಯ ಪ್ರಯಾಣಕ್ಕೆ ಅಂಜಬೇಕಿಲ್ಲ. ಯಾವುದೇ 26 ವಾರಗಳಲ್ಲಿ ನಾಲ್ಕು ವಾರಗಳವರೆಗೆ ಆರೈಕೆಗೆ ಬಿಡುವು ಕೊಟ್ಟರೂ ಭತ್ಯೆ ನಿಲ್ಲುವುದಿಲ್ಲ. ನೀವು ಒಂದು ವರ್ಷದಿಂದ ನೋಡಿಕೊಳ್ಳುತ್ತಿರುವುದರಿಂದ ಮೂರು ವಾರ ಅದರೊಳಗೇ ಬರುತ್ತದೆ. ಹೊರಡುವ ಮುನ್ನ ದಿನಾಂಕಗಳನ್ನು ಕಚೇರಿಗೆ ತಿಳಿಸಿ. ಅತ್ತೆಯವರು ಆಸ್ಪತ್ರೆ ಸೇರಿದರೂ ತಿಳಿಸಬೇಕು: 28 ದಿನಗಳ ನಂತರ ಅವರ ಅಟೆಂಡೆನ್ಸ್ ಅಲೋವೆನ್ಸ್ ನಿಲ್ಲುತ್ತದೆ, ಅದರೊಂದಿಗೆ ನಿಮ್ಮದೂ ನಿಲ್ಲುತ್ತದೆ.