ಎಂಆರ್‌ಐ ಚಿತ್ರದ ಮುಕ್ಕಾಲು ಭಾಗ ಎಐ ತುಂಬಿಸಿದರೆ ಅದನ್ನು ನಂಬಬಹುದಾ?

ಕಾಲು ಭಾಗ ಡೇಟಾ ತೆಗೆದುಕೊಂಡು ಮಿಕ್ಕಿದ್ದನ್ನು ನ್ಯೂರಲ್ ನೆಟ್‌ವರ್ಕ್ ತುಂಬಿಸಿದರೆ ಅದು ಕಟ್ಟುಕತೆ ಅಲ್ವಾ ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ಅರ್ಧ ಸರಿ. ಯಾವ ಅರ್ಧ ಅನ್ನುವುದೇ ಇಲ್ಲಿ ಮುಖ್ಯ.

ಎಂಆರ್‌ಐ ಯಂತ್ರ ನೇರವಾಗಿ ಫೋಟೋ ತೆಗೆಯುವುದಿಲ್ಲ. ಅದು ಅಳೆಯುವುದು ಕೆ-ಸ್ಪೇಸ್ ಎಂಬ ಡೇಟಾವನ್ನು, ಅಂದರೆ ಮೈಯಿಂದ ಬರುವ ಸಿಗ್ನಲ್‌ಗಳನ್ನು, ಸಾಲು ಸಾಲಾಗಿ. ನಡುವಿನ ಸಾಲುಗಳಿಂದ ಚಿತ್ರದ ಒಟ್ಟು ಆಕಾರ, ಕಪ್ಪು-ಬಿಳುಪು ಬರುತ್ತದೆ. ಹೊರಗಿನ ಸಾಲುಗಳಿಂದ ಸಣ್ಣ ಸಣ್ಣ ಅಂಚುಗಳು. ರೋಗಿ ಅಷ್ಟು ಹೊತ್ತು ಅಲ್ಲಾಡದೆ ಮಲಗಬೇಕಾಗುವುದು ಈ ಸಾಲುಗಳನ್ನು ಅಳೆಯಲಿಕ್ಕೇ. ಕೆಲವನ್ನು ಬಿಟ್ಟರೆ ಸ್ಕ್ಯಾನ್ ಬೇಗ ಮುಗಿಯುತ್ತದೆ. ಆದರೆ ಆ ಅರೆಬರೆ ಡೇಟಾಗೆ ಸುಮ್ನೆ ಫೂರಿಯೆ ಲೆಕ್ಕ (ಕೆ-ಸ್ಪೇಸನ್ನು ಚಿತ್ರವಾಗಿ ತಿರುಗಿಸುವ ಗಣಿತ) ಹಾಕಿದರೆ ಚಿತ್ರ ಒಂದರ ಮೇಲೊಂದು ಮಡಚಿಕೊಂಡು ಬರುತ್ತದೆ.

ಸಾಲು ಬಿಡುವುದು ಎಐ ತಂದ ಚಾಳಿಯಲ್ಲ. 1999ರ ಸೆನ್ಸ್, 2002ರ ಗ್ರಾಪಾ ವಿಧಾನಗಳು ಹಲವು ಕಾಯಿಲ್‌ಗಳ (ಸಿಗ್ನಲ್ ಹಿಡಿಯುವ ಆಂಟೆನಾಗಳ) ನೆರವಿನಿಂದ ಇದನ್ನೇ ಮಾಡಿದವು. 2007ರ ಹೊತ್ತಿಗೆ ಕಂಪ್ರೆಸ್ಡ್ ಸೆನ್ಸಿಂಗ್ ಬಂತು, ಅಂದರೆ ಕಡಿಮೆ ಅಳತೆಗಳಿಂದ ಪೂರ್ತಿ ಚಿತ್ರ ಕಟ್ಟುವ ಗಣಿತದ ವಿಧಾನ. ಅದರಲ್ಲೂ ಚಿತ್ರ ಹೀಗೇ ಇರಬೇಕು ಅನ್ನುವ ಒಂದು ಊಹೆ ಇತ್ತು, ಮನುಷ್ಯರು ಕೂತು ಬರೆದ ಊಹೆ. ನೆಟ್‌ವರ್ಕ್ ಆ ಊಹೆಯನ್ನು ಹಳೆಯ ಸ್ಕ್ಯಾನ್‌ಗಳಿಂದ ತಾನೇ ಕಲಿಯುತ್ತದೆ.

ಚಿತ್ರವನ್ನು ಹಂತ ಹಂತವಾಗಿ ತಿದ್ದುವ ವೇರಿಯೇಷನಲ್ ನೆಟ್‌ವರ್ಕ್‌ನಂಥ ವಿನ್ಯಾಸಗಳಲ್ಲಿ ಅದಕ್ಕೊಂದು ಲಗಾಮೂ ಇದೆ. ಪ್ರತಿ ಹಂತದಲ್ಲೂ ಅದು ಮಾಡಿದ ಚಿತ್ರವನ್ನು ಮತ್ತೆ ಕೆ-ಸ್ಪೇಸ್‌ಗೆ ತಿರುಗಿಸಿ, ನಿಜವಾಗಿ ಅಳೆದ ಸಾಲುಗಳ ಜೊತೆ ತಾಳೆ ನೋಡಿ, ತಿದ್ದುತ್ತಾರೆ. ಹಾಗಾಗಿ ಅದು ಬಾಯಿಗೆ ಬಂದದ್ದೆಲ್ಲ ಹೇಳುವಂತಿಲ್ಲ. ಆದರೆ ಅಳೆಯದೇ ಬಿಟ್ಟ ಸಾಲುಗಳ ಬಗ್ಗೆ ಈ ತಾಳೆ ನೇರವಾಗಿ ಏನೂ ಹೇಳುವುದಿಲ್ಲ. ಅಲ್ಲಿ ಹೆಚ್ಚಾಗಿ ನೆಟ್‌ವರ್ಕ್ ಹೇಳಿದ್ದೇ ಮಾತು. ನಿಮ್ಮ ಅನುಮಾನ ಇಟ್ಟುಕೊಳ್ಳಬೇಕಾದ ಜಾಗ ಅದೇ.

ಎಷ್ಟು ಸಾಲು ಬಿಟ್ಟಿದ್ದಾರೆ ಅನ್ನುವುದೂ ಮುಖ್ಯ. ಫೇಸ್‌ಬುಕ್‌ನ ಎಐ ಸಂಶೋಧಕರು ಮತ್ತು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದವರು 2018ರಲ್ಲಿ, ಎಐ ಬಳಸಿ ಸ್ಕ್ಯಾನ್ ಬೇಗ ಮುಗಿಸುವ ಫಾಸ್ಟ್‌ಎಂಆರ್‌ಐ ಯೋಜನೆ ಶುರು ಮಾಡಿದರು. 2020ರಲ್ಲಿ 108 ಜನರ ಮೊಣಕಾಲಿನ ಚಿತ್ರಗಳನ್ನು ಆರು ರೇಡಿಯಾಲಜಿಸ್ಟರಿಗೆ (ಸ್ಕ್ಯಾನ್ ನೋಡಿ ರೋಗ ಗುರುತಿಸುವ ಡಾಕ್ಟರಿಗೆ) ತೋರಿಸಿದರು. ಸುಮಾರು ಕಾಲು ಭಾಗ ಡೇಟಾದಿಂದ ಮಾಡಿದ ಚಿತ್ರಗಳನ್ನು ಮಾಮೂಲಿ ಚಿತ್ರಗಳ ಬದಲಿಗೆ ಬಳಸಬಹುದು ಅನ್ನುವ ಫಲಿತಾಂಶ ಬಂತು. ಅದೇ ವರ್ಷದ ಮೆದುಳಿನ ಸ್ಕ್ಯಾನ್ ಸ್ಪರ್ಧೆಯಲ್ಲಿ ಎಂಟನೇ ಒಂದು ಭಾಗಕ್ಕೂ ಇಳಿದು ನೋಡಿದರು. ಆಗ ಇಲ್ಲದ್ದನ್ನು ಇರುವಂತೆ ತೋರಿಸುವ ಚಿತ್ರಗಳೂ ಸಿಕ್ಕವು. ನೋಡಲಿಕ್ಕೆ ನೀಟಾಗಿರುತ್ತವೆ, ಅದೇ ಕಷ್ಟ. ಹಳೆಯ ವಿಧಾನ ಸೋತರೆ ಚಿತ್ರ ಗಲೀಜಾಗಿ ಕಾಣುತ್ತಿತ್ತು, ಡಾಕ್ಟರಿಗೆ ತಕ್ಷಣ ಗೊತ್ತಾಗುತ್ತಿತ್ತು.

ಇದರ ಮೇಲೆ ಕಾಲೇಜ್ ಪ್ರಾಜೆಕ್ಟ್ ಮಾಡುವ ಯೋಚನೆ ಇದೆ ಎಂದೂ ಬರೆದಿದ್ದೀರಿ. ಸ್ಕೋರ್ ನೋಡಿ ಹಿಗ್ಗಬೇಡಿ. ನೆಟ್‌ವರ್ಕ್ ಮಾಡಿದ ಚಿತ್ರ ಅಸಲಿಗೆ ಎಷ್ಟು ಹತ್ತಿರ ಎಂದು ಅಳೆಯುವ ಪಿಎಸ್‌ಎನ್‌ಆರ್, ಎಸ್‌ಎಸ್‌ಐಎಂ ಎರಡೂ ಇಡೀ ಚಿತ್ರದ ಸರಾಸರಿ. ಮೆನಿಸ್ಕಸ್‌ನಲ್ಲಿರುವ (ಮೊಣಕಾಲಿನ ಮೆದುಮೂಳೆಯಲ್ಲಿರುವ) ಒಂದು ಕೂದಲೆಳೆ ಸೀಳು ಮಾಯವಾದರೂ ಸ್ಕೋರ್ ಹೆಚ್ಚು ಕದಲುವುದಿಲ್ಲ. ಇನ್ನೊಂದು, ನೆಟ್‌ನಲ್ಲಿ ಸಿಗುವ ಜೆಪೆಗ್ ಸ್ಕ್ಯಾನ್‌ಗಳನ್ನು ತಂದು, ಅದಕ್ಕೆ ಫೂರಿಯೆ ಹಾಕಿ ಇದೇ ಕೆ-ಸ್ಪೇಸ್ ಅನ್ನಬೇಡಿ. ಆ ಚಿತ್ರಗಳು ಆಗಲೇ ಸಂಸ್ಕರಣೆಯಾಗಿರುತ್ತವೆ, ಹಾಗಾಗಿ ಫಲಿತಾಂಶ ಇರುವುದಕ್ಕಿಂತ ಚೆನ್ನಾಗಿ ಬರುತ್ತದೆ. 2022ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ಇದನ್ನು ಲೆಕ್ಕ ಸಮೇತ ತೋರಿಸಿ, ಡೇಟಾ ಅಪರಾಧ ಎಂದೇ ಕರೆದರು.

ಫಾಸ್ಟ್‌ಎಂಆರ್‌ಐ ಡೇಟಾಗೆ ಅರ್ಜಿ ಹಾಕಿ, ಕಚ್ಚಾ ಕೆ-ಸ್ಪೇಸ್ ಸಿಗುತ್ತದೆ. ಮೊಣಕಾಲಿನ ಸಿಂಗಲ್-ಕಾಯಿಲ್ ಭಾಗದಿಂದ ಶುರು ಮಾಡಿ. ಅದು ಮಲ್ಟಿ-ಕಾಯಿಲ್ ಡೇಟಾದಿಂದ ಹೊಂದಿಸಿದ್ದು, ಕೈ ಪಳಗಿಸಲಿಕ್ಕೆ ಸಾಕು. ಮಲ್ಟಿ-ಕಾಯಿಲ್ ಫೈಲ್‌ಗಳನ್ನು ಈಗಲೇ ಇಳಿಸಿದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೇನಕ್ಕೂ ಜಾಗ ಉಳಿಯಲಿಕ್ಕಿಲ್ಲ.