ಬಾಸ್ಕೆಟ್‌ಬಾಲ್ ಫ್ರೀ ಥ್ರೋ: ಕೈ ನೋಡಬೇಕೋ, ರಿಂಗ್ ನೋಡಬೇಕೋ?

ಪ್ರಶ್ನೆ: ನಮ್ಮ ಹುಡುಗ ಕೊನೆಯ ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ಅಡ್ಡಿಪಡಿಸಬಾರದ ಎಸೆತ) ಎಸೆದ. ಚೆಂಡು ಇನ್ನೂ ಗಾಳಿಯಲ್ಲಿದ್ದಾಗಲೇ ಎದುರಾಳಿ ಒಳಗೆ ನುಗ್ಗಿದ. ಚೆಂಡು ರಿಂಗಿಗೆ ಬಡಿದು ಹೊರಬಂತು. ಇನ್ನೊಂದು ಎಸೆತ ಕೇಳಿದರೂ ರೆಫರಿ ಕೊಡಲಿಲ್ಲ. ಇದು ಸರಿಯೇ?
– ದೈಹಿಕ ಶಿಕ್ಷಣ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಸರಿ. ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫೀಬಾದ ನಿಯಮದ ಪ್ರಕಾರ ಪೇಂಟಿನ (ಬಾಸ್ಕೆಟ್ ಮುಂದಿನ ಆಯತದ) ಪಕ್ಕ ರೀಬೌಂಡಿಗೆ, ಅಂದರೆ ತಪ್ಪಿ ಹೊರಬಂದ ಚೆಂಡು ಹಿಡಿಯಲು, ನಿಂತವರು ಚೆಂಡು ಶೂಟರ್‌ನ ಕೈ ಬಿಟ್ಟ ಕೂಡಲೇ ಒಳಗೆ ಹೋಗಬಹುದು. ಚೆಂಡು ರಿಂಗಿಗೆ ತಾಗುವ ತನಕ, ಇಲ್ಲವೇ ಬಾಸ್ಕೆಟ್ ಸೇರುವ ತನಕ ಕಾಯಬೇಕಾದವನು ಶೂಟರ್. ಈ ಎರಡನ್ನು ಕಲಸಿಕೊಳ್ಳುವುದರಿಂದಲೇ ಅರ್ಧ ಜಗಳ.

ನಿಮ್ಮ ಎದುರಾಳಿ ಚೆಂಡು ಕೈ ಬಿಡುವ ಮೊದಲೇ ಕಾಲಿಟ್ಟಿದ್ದರೆ, ಎಸೆತವೂ ತಪ್ಪಿದ್ದರೆ, ಮತ್ತೊಂದು ಎಸೆತ ಸಿಗುತ್ತಿತ್ತು. ಚೆಂಡು ಒಳಗೆ ಬಿದ್ದಿದ್ದರೆ ಪಾಯಿಂಟ್ ಕೊಟ್ಟು ಆ ತಪ್ಪನ್ನು ಬಿಟ್ಟುಬಿಡುತ್ತಾರೆ. ಶೂಟರ್ ತಾನೇ ಮುಂಚೆ ಫ್ರೀ ಥ್ರೋ ಗೆರೆ ಮುಟ್ಟಿದರೆ ಮಾತ್ರ ಒಳಗೆ ಬಿದ್ದದ್ದೂ ಲೆಕ್ಕಕ್ಕಿಲ್ಲ. ಕೊನೆಯ ಎಸೆತ ತಪ್ಪಿ, ಎರಡೂ ಕಡೆಯವರು ಮುಂಚೆಯೇ ನುಗ್ಗಿದ್ದರೆ ಅದು ಜಂಪ್ ಬಾಲ್ ಪರಿಸ್ಥಿತಿ: ಸರದಿ ತೋರಿಸಲು ಅಂಕ ಬರೆಯುವವರ ಮೇಜಿನ ಮೇಲಿಟ್ಟ ಬಾಣದ ಗುರುತು ಯಾರ ಕಡೆಗಿದೆಯೋ ಅವರಿಗೆ ಚೆಂಡು.

ಹುಡುಗರ ಬೂಟಿನ ತುದಿಯನ್ನೂ ಗಮನಿಸಿ. ಪೇಂಟಿನ 5 ಸೆಂ.ಮೀ. ಅಗಲದ ಅಂಚುಗೆರೆಯೂ ಪೇಂಟಿನದೇ ಭಾಗ. ಅದರ ಮೇಲೆ ಬೆರಳಿಟ್ಟರೂ ಒಳಗೆ ಬಂದಂತೆ. ಬಾಸ್ಕೆಟ್ ಕಡೆಯಿಂದ ಮೊದಲ ಮತ್ತು ಎರಡನೇ ರೀಬೌಂಡ್ ಜಾಗದ ನಡುವಿನ 40 ಸೆಂ.ಮೀ. ತಟಸ್ಥ ಪಟ್ಟಿಗೂ ಕಾಲು ಚಾಚುವಂತಿಲ್ಲ.

ಪೇಂಟಿನ ಎರಡೂ ಬದಿಯ ಸಾಲಿನಲ್ಲಿ ಒಟ್ಟು ಹೆಚ್ಚೆಂದರೆ ಐವರು: ಎದುರಾಳಿಗಳು ಮೂವರು, ಶೂಟರ್‌ನ ಜೊತೆಗಾರರು ಇಬ್ಬರು. ಬಾಸ್ಕೆಟ್‌ಗೆ ಹತ್ತಿರದ ಎರಡೂ ಜಾಗ ಎದುರಾಳಿಗಳದ್ದು. ಅವರು ಖಾಲಿ ಬಿಟ್ಟರೂ ನಮ್ಮವರು ಅಲ್ಲಿಗೆ ಜರುಗುವಂತಿಲ್ಲ. ಶಾಲಾ ಪಂದ್ಯಗಳಲ್ಲಿ ಇದು ದಿನನಿತ್ಯದ ತಪ್ಪು. ಮೂರನೇ ಎದುರಾಳಿಯನ್ನು ಶೂಟರ್‌ನ ಪಕ್ಕದಲ್ಲಿ ನಿಲ್ಲಿಸುವುದು ಅವನನ್ನು ಬಾಕ್ಸ್ ಔಟ್ ಮಾಡಲಿಕ್ಕೆ, ಅಂದರೆ ಚೆಂಡಿನ ಕಡೆ ಬರದಂತೆ ಮೈಯಿಂದ ತಡೆಯಲಿಕ್ಕೆ. ಎದುರಾಳಿ ತಂಡ ಎಸೆಯುವಾಗ ಅಲ್ಲಿಗೆ ನಿಮ್ಮ ಚುರುಕು ಹುಡುಗನನ್ನೇ ಹಾಕಿ. ಉಳಿದವರೆಲ್ಲ ಫ್ರೀ ಥ್ರೋ ಗೆರೆಯ ನೇರಕ್ಕೂ ಮೂರು ಪಾಯಿಂಟಿನ ಗೆರೆಗೂ ಹಿಂದೆ, ಎಸೆತ ಮುಗಿಯುವ ತನಕ.

ಪ್ರಶ್ನೆ: ಕೊನೆಯ ಎಸೆತ ರಿಂಗನ್ನೇ ಮುಟ್ಟದಿದ್ದರೆ? ಟೆಕ್ನಿಕಲ್ ಫೌಲ್‌ಗೂ (ಮೈ ತಾಗಿಸದೆ, ನಡತೆಯಲ್ಲಿ ಮಾಡುವ ತಪ್ಪಿಗೂ) ಸಾಲು ನಿಲ್ಲಬೇಕೇ?
– ಕಾಲೇಜು ಆಟಗಾರ್ತಿ, ಮಂಡ್ಯ

ಉತ್ತರ: ರಿಂಗ್ ಮುಟ್ಟದೆ, ಬಾಸ್ಕೆಟ್ಟನ್ನೂ ಸೇರದಿದ್ದರೆ ಶೂಟರ್‌ನ ತಪ್ಪು, ಫ್ರೀ ಥ್ರೋ ಗೆರೆಯ ನೇರಕ್ಕೆ ಅಂಗಳದ ಬದಿಗೆರೆಯ ಹೊರಗಿನಿಂದ ಎದುರಾಳಿಗಳಿಗೆ ಥ್ರೋ-ಇನ್. ಟೆಕ್ನಿಕಲ್‌ನಲ್ಲಿ ಸಾಲೇ ಇಲ್ಲ, ಎಲ್ಲರೂ ಹಿಂದೆ. ಅಂದಹಾಗೆ, ಅಮೆರಿಕದ ಎನ್‌ಬಿಎ ಲೀಗ್ ನೋಡಿ ನಿಧಾನ ಮಾಡಬೇಡಿ. ಅಲ್ಲಿ ಶೂಟರ್‌ಗೆ 10 ಸೆಕೆಂಡು, ನಿಮಗೆ ಐದೇ.