ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡ್ರಾಫ್ಟ್ ಲಾಟರಿಯ ನಿಯಮ ಬದಲಾದ ಮೇಲೂ ತಂಡಗಳು ಬೇಕೆಂದೇ ಸೋಲುವುದೇಕೆ?

2019ರ ಬದಲಾವಣೆ ಕೊನೆಯ ಸ್ಥಾನದ ಬೆಲೆ ಇಳಿಸಿತು, ಸೋಲಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಲಿಲ್ಲ. ಕಾರಣ ಅಷ್ಟೇ.

ಡ್ರಾಫ್ಟ್ ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ. ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತು) ತಲುಪದ 14 ತಂಡಗಳು, ಮೊದಲು ಯಾರು ಆರಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುವ ಲಾಟರಿಗೆ ಬಂದವು. ಮೊದಲು ಕಟ್ಟಕಡೆಯ ತಂಡಕ್ಕೆ ಮೊದಲ ಆಯ್ಕೆ ಸಿಗುವ ಸಾಧ್ಯತೆ 25% ಇತ್ತು. 2019ರಿಂದ ಕೊನೆಯ ಮೂರಕ್ಕೂ ತಲಾ 14% ಆಯಿತು. ಚೀಟಿ ಎತ್ತುವುದೂ ಮೂರರ ಬದಲು ಮೊದಲ ನಾಲ್ಕು ಸ್ಥಾನಗಳಿಗೆ. ಹಾಗಾಗಿ 2023ರಲ್ಲಿ ಬರೀ 17 ಪಂದ್ಯ ಗೆದ್ದು ತಳದಲ್ಲಿದ್ದ ಡೆಟ್ರಾಯಿಟ್ ಐದನೇ ಸ್ಥಾನಕ್ಕೆ ಜಾರಿತು. ಆ ವರ್ಷ ಎಲ್ಲರೂ ಕಣ್ಣಿಟ್ಟಿದ್ದ ಫ್ರಾನ್ಸ್‌ನ ಆಟಗಾರ ವೆಂಬನ್ಯಾಮಾ ಸ್ಯಾನ್ ಆಂಟೋನಿಯೊ ಪಾಲಾದ.

ಆದರೆ ಆಸೆ ಮಧ್ಯದ ತಂಡಗಳಿಗೂ ಹರಡಿತು. ಅದಕ್ಕಿಂತ ದೊಡ್ಡ ತೂತು, ಷರತ್ತಿನ ಮೇಲೆ ಮಾರಿದ ಆಯ್ಕೆಗಳು. ಡಲ್ಲಾಸ್ ತನ್ನ 2023ರ ಆಯ್ಕೆಯನ್ನು ನ್ಯೂಯಾರ್ಕ್‌ಗೆ ಕೊಡಬೇಕಿತ್ತು, ಮೊದಲ ಹತ್ತರೊಳಗೆ ಬಿದ್ದರೆ ಮಾತ್ರ ತನ್ನಲ್ಲೇ ಉಳಿಯುತ್ತಿತ್ತು. ಮುಂದಿನ ಹಂತದ ಆಸೆ ಇನ್ನೂ ಇದ್ದಾಗಲೇ ಷಿಕಾಗೊ ಎದುರು ಪ್ರಮುಖರನ್ನು ಕೂರಿಸಿ ಸೋತಿತು. ದಂಡ 7.5 ಲಕ್ಷ ಡಾಲರ್. ಹತ್ತನೇ ಆಯ್ಕೆ ಕೈಯಲ್ಲೇ ಉಳಿಯಿತು. ಲಾಭದ ವ್ಯಾಪಾರವೇ!

ನನ್ನ ಪ್ರಕಾರ ಉತ್ತಮ ದಾರಿ ಅಮೆರಿಕ–ಕೆನಡಾದ ಮಹಿಳಾ ಐಸ್ ಹಾಕಿ ಲೀಗ್ ಪಿಡಬ್ಲ್ಯುಎಚ್‌ಎಲ್‌ನದು. ಪ್ಲೇಆಫ್ ಬಾಗಿಲು ಮುಚ್ಚಿದ ಮೇಲೆ ಗಳಿಸಿದ ಅಂಕ ಯಾರದು ಹೆಚ್ಚೋ ಅವರಿಗೆ ಮೊದಲ ಆಯ್ಕೆ. ದುರ್ಬಲ ತಂಡ ಬೇಗ ಹೊರಬೀಳುವುದರಿಂದ ಅದಕ್ಕೆ ಅಂಕ ಕೂಡಿಸಲು ಹೆಚ್ಚು ಪಂದ್ಯ ಸಿಗುತ್ತವೆ, ಆದರೆ ಅವನ್ನು ಗೆಲ್ಲಲೇಬೇಕು.